ಅಮ್ಮನ ಸೊಂಟವೂ ಇಪ್ಪತ್ತಿಂಚಿನ ಗಾಲಿಯೂ

ಖಾಲಿ ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಕೂತು, ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರಲ್ಲಿ ಎರಡು ವಿಧ. ಸೊಂಟನೋವನ್ನು ಡಾಕ್ಟರಿಗೆ ತೋರಿಸಲು ಹೋಗುವವರು ಒಂದು. ತೋರಿಸಿಕೊಂಡು ವಾಪಸು ಬರುವಾಗ ಹೊಸದಾಗಿ ಹಿಡಿಸಿಕೊಳ್ಳುವವರು ಇನ್ನೊಂದು. ನಮ್ಮಮ್ಮ ಎರಡೂ ವರ್ಗಕ್ಕೆ ಸೇರಿದವಳು. ಘಾಟಿಯ 14 ತಿರುವುಗಳಿಗೆ ಒಬ್ಬೊಬ್ಬ ದೇವರನ್ನು ಹಂಚಿ, ಹೊಂಡಗಳಿಗೆಲ್ಲ ನನ್ನ ಹೆಸರು ಹಿಡಿದು ಕರೆಯುವುದು ಅವಳ ಪದ್ಧತಿ.

ಗಾಡಿಯನ್ನು ಬೈದು ಪ್ರಯೋಜನವಿಲ್ಲ. ನಾಲ್ಕು ಬಾಗಿಲು, ಎ.ಸಿ., ಪರದೆಯ ಮೇಲೆ ಹಾಡಿನ ಪಟ್ಟಿ, ಇದೆಲ್ಲ ಕಂಡು ಇದು ಕಾರು ಎಂದು ನಂಬಿ ಕೊಂಡವನು ನಾನು. ಹಿಂದೆ ಬಾಡಿ ಇದ್ದ ಮೇಲೆ ಅದು ಲಾರಿಯ ಕುಲವೇ. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಕೊಟ್ಟ ಎಂಜಿನಿಯರು ಹಿಂದಿನ ಆಕ್ಸಲ್ಲಿಗೆ ಕಮಾನು ಪ್ಲೇಟುಗಳನ್ನೇ ಕೊಟ್ಟಿರುತ್ತಾನೆ. ಒಂದರ ಮೇಲೊಂದು ಪೇರಿಸಿ, ಯು ಬೋಲ್ಟಿನಲ್ಲಿ ಬಿಗಿದ ಆ ಪ್ಲೇಟುಗಳ ಬಿಗಿಯನ್ನು ಲೆಕ್ಕ ಹಾಕುವಾಗ ಅವನ ಕಣ್ಣ ಮುಂದೆ ಇದ್ದದ್ದು ಮೂಟೆಗಳು, ನಮ್ಮಮ್ಮ ಅಲ್ಲ. ಹತ್ತು ಮೂಟೆ ಬಿದ್ದರೆ ಅವು ಬಗ್ಗುತ್ತವೆ, ಏಳುತ್ತವೆ, ಮೆತ್ತಗೆ ತೂಗುತ್ತವೆ. ಖಾಲಿ ಇದ್ದಾಗ ಬಗ್ಗಲು ಅವಕ್ಕೆ ಕಾರಣವೇ ಇಲ್ಲ. ರಸ್ತೆ ಕೊಟ್ಟ ಪೆಟ್ಟನ್ನು ಲಕೋಟೆ ಒಡೆಯದೆ ಹಾಗೇ ಮೇಲಿನ ವಿಳಾಸಕ್ಕೆ ತಲುಪಿಸಿಬಿಡುತ್ತವೆ.

ಅಪ್ಪನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಮನೆಯಲ್ಲಿದ್ದ ಜೀಪಿಗೆ 6.00-16 ಟಯರು. ಸೈಜು ಅದೊಂದೇ, ಅಂಗಡಿಯಲ್ಲಿ ಯಾವುದಿದೆಯೋ ಅದೇ ಕಂಪನಿ. ಅಪ್ಪನಿಗೆ ಮಾತ್ರ ಮೈಸೂರಿನ ವಿಕ್ರಾಂತ್ ಆಗಬೇಕು, ನಮ್ಮ ರಾಜ್ಯದ್ದು ಎಂಬ ಅಭಿಮಾನ. 1997ರಲ್ಲಿ ಆ ಕಂಪನಿ ಜೆ.ಕೆ.ಯವರ ಕೈಗೆ ಹೋದ ಸುದ್ದಿ ಓದಿ ಸ್ವಲ್ಪ ದಿನ ಮಂಕಾಗಿದ್ದರು. ಆ ಜೀಪಿನಲ್ಲೇ ಅಮ್ಮ ತವರಿಗೆ ಹೋಗಿ ಬರುತ್ತಿದ್ದಳು, ಸೊಂಟದ ಮಾತೇ ಇರಲಿಲ್ಲ.

"ನಿಂಗಾಗ ಪ್ರಾಯ ಇತ್ತಲ್ಲ ಅಮ್ಮ" ಎಂದೆ ಒಮ್ಮೆ.

"ಆಗ ರಸ್ತೆಗೂ ಪ್ರಾಯ ಇತ್ತು" ಎಂದಳು.

ವಿಷಯ ಇಷ್ಟೇ ಆಗಿದ್ದರೆ ಸೀಟಿನ ಮೇಲೆ ಎರಡು ದಿಂಬು ಇಟ್ಟು ಮುಗಿಸಬಹುದಿತ್ತು. ಆದರೆ ಅಷ್ಟರಲ್ಲಿ ಕೊಪ್ಪದ ಕಡೆ ಒಂದು ಮದುವೆಗೆ ಹೋದೆ. ಚಪ್ಪರದ ಹೊರಗೆ ನನ್ನದೇ ಮಾದರಿಯ, ನನ್ನದೇ ಬಣ್ಣದ ಪಿಕಪ್ ನಿಂತಿತ್ತು. ಗಾಲಿ ಮಾತ್ರ ಬೇರೆ. ಕಪ್ಪು ಅಲಾಯ್, ಆರು ಕಡ್ಡಿ, ಅಂಚಿನಲ್ಲಿ ತೆಳ್ಳಗೆ ಬೆಳ್ಳಿ ಗೆರೆ, ಮಡ್‌ಗಾರ್ಡ್ ತುಂಬುವಷ್ಟು ದೊಡ್ಡದು. ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಮನೆಯವಳು ಕರೆಯಲು ಬಂದಾಗ ನಾನು ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದೆ. ಆ ಮದುವೆಯ ಹುಡುಗಿಯ ಮುಖ ನನಗೆ ಈಗಲೂ ನೆನಪಿಲ್ಲ.

ಐವತ್ತು ದಾಟಿದ ಗಂಡಸು "ಗಾಡಿ ಚೆಂದ ಕಾಣಬೇಕು" ಎಂದು ಅಡಿಕೆ ದುಡ್ಡು ಮುಟ್ಟಿದರೆ ಮನೆಯಲ್ಲಿ ನಗುತ್ತಾರೆ. "ಅಮ್ಮನ ಸೊಂಟ" ಎಂದರೆ ನಗುವಂತಿಲ್ಲ. ಹೀಗಾಗಿ ಆ ವಾರವಿಡೀ ನಾನು ಅಮ್ಮನ ಸೊಂಟದ ಬಗ್ಗೆ ಅಮ್ಮನಿಗಿಂತ ಹೆಚ್ಚು ಮಾತಾಡಿದೆ. ಹೊರಗಿನಿಂದ ಬಂದವರಿಗೆಲ್ಲ ಹೇಳಿದೆ. ಬೆಂಗಳೂರಿನಲ್ಲಿರುವ ಬಾಮೈದನಿಗೆ ಫೋನು ಮಾಡಿದೆ. ಅವನಿಗೆ ಗಾಡಿಗಳ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ, ಓಡಾಡುವುದು ಮೆಟ್ರೋದಲ್ಲಿ.

"ಭಾವ, ಸ್ಟಾಕ್ ವೀಲಿನಲ್ಲಿ ಕಂಫರ್ಟ್ ಎಲ್ಲಿಂದ ಬರುತ್ತೆ? ಇಪ್ಪತ್ತಿಂಚು ಹಾಕ್ಸಿ. ದೊಡ್ಡ ಗಾಲಿ ಹೊಂಡಕ್ಕೆ ಇಳಿಯೋದೇ ಇಲ್ಲ, ಮೇಲೇ ಹಾರ್ಕೊಂಡು ಹೋಗುತ್ತೆ" ಎಂದ.

ನನಗೆ ಬೇಕಾದ್ದು ಇದೇ ಮಾತು. ಸ್ಪೀಕರ್ ಹಾಕಿ ಮನೆಯವರಿಗೆಲ್ಲ ಕೇಳಿಸಿದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಟಯರಿನ ಪಕ್ಕೆಯ ಮೇಲೆ ಒಂದು ಅಂಕಿಗಳ ಸಾಲು ಇರುತ್ತದೆ. ನನ್ನ ಗಾಡಿಯದ್ದು 245/70 ಆರ್ 16. ಟಯರಿನ ಅಗಲ 245 ಮಿಲಿಮೀಟರ್. ಪಕ್ಕೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ 70 ಭಾಗ, ಅಂದರೆ 171 ಮಿಲಿಮೀಟರ್ ಚಿಲ್ಲರೆ. ಆರ್ ಅಂದರೆ ರೇಡಿಯಲ್, 16 ಅಂದರೆ ಡಿಸ್ಕಿನ ಇಂಚು. ನಾನು ಆಸೆಪಟ್ಟದ್ದು 265/50 ಆರ್ 20. ಅದರ ಪಕ್ಕೆ 265ರಲ್ಲಿ ಅರ್ಧ, 132 ಮಿಲಿಮೀಟರ್ ಚಿಲ್ಲರೆ. ಗಾಲಿ ದೊಡ್ಡದಾಯಿತು ಎಂದು ನಾನು ಹಿಗ್ಗಿದೆನಲ್ಲ, ದೊಡ್ಡದಾದದ್ದು ಲೋಹ. ಲೋಹಕ್ಕೂ ರಸ್ತೆಗೂ ನಡುವೆ ಇದ್ದ ರಬ್ಬರು ಮತ್ತು ಗಾಳಿ ಒಂದೂವರೆ ಇಂಚು ಕಡಿಮೆಯಾಯಿತು. ಅಮ್ಮನ ಸೊಂಟಕ್ಕೆ ಬೇಕಾಗಿದ್ದದ್ದು ಆ ಒಂದೂವರೆ ಇಂಚು. ಏಳನೇ ಕ್ಲಾಸಿನ ಹುಡುಗ ಮಾಡುವ ಗುಣಾಕಾರ ಇದು. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿದ್ದ ನಾನು ದುಡ್ಡು ಕೊಟ್ಟು, ರಸೀದಿ ಪಡೆದು, ಮನೆಗೆ ಬಂದ ಮೇಲೆ ಮಾಡಿದೆ.

ಶಿವಮೊಗ್ಗದ ಅಂಗಡಿಯಲ್ಲಿ ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಆಮೇಲೆ ಕೇಳಿದ ಮಾತುಗಳಲ್ಲಿ ಅರ್ಧ ತಲೆಯ ಮೇಲಿಂದ ಹೋಯಿತು. ಆರು ಬೋಲ್ಟು, ಪಿ.ಸಿ.ಡಿ. 139.7. ಬೋಲ್ಟುಗಳು ನಿಂತ ವೃತ್ತದ ವ್ಯಾಸ 139.7 ಮಿಲಿಮೀಟರ್, ಅಂದರೆ ಸರಿಯಾಗಿ ಐದೂವರೆ ಇಂಚು, ಇರಬೇಕಂತೆ. ಆಫ್‌ಸೆಟ್ಟು ಎಷ್ಟು ಬೇಕು ಎಂದರು. ಎಷ್ಟಿದೆ ಎಂದೆ. "ಕಡಿಮೆ ಮಾಡಿದರೆ ಗಾಲಿ ಹೊರಗೆ ಬರುತ್ತೆ ಸಾರ್, ಲುಕ್ ಬರುತ್ತೆ." ಲುಕ್ಕಿಗೆ ನಾನು ಬಂದದ್ದಲ್ಲ, ತಾಯಿಯ ಆರೋಗ್ಯಕ್ಕೆ ಬಂದದ್ದು ಎಂದು ವಿವರಿಸಿ, ಹೊರಗೇ ಬರಲಿ ಎಂದೆ. ಕೊನೆಗೆ ನೈಟ್ರೋಜನ್ ಹಾಕಿಸಿಕೊಳ್ಳಿ, ಟಯರು ತಂಪಾಗಿರುತ್ತೆ ಎಂದರು. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಉಳಿದ 22 ಭಾಗಕ್ಕೆ ಗಾಲಿಗಿಷ್ಟು ಎಂದು ದುಡ್ಡು ಕೊಟ್ಟು ಬಂದೆ.

ಒಟ್ಟು ಖರ್ಚು ರೂಪಾಯಿಯಲ್ಲಿ ಹೇಳಲು ಮನಸ್ಸಿಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು ಮೂರು ಕ್ವಿಂಟಾಲ್ ರಾಶಿ ಅಡಿಕೆ. ಮನೆಯವಳು ಪಟ್ಟಿ ನೋಡಿ, "ಮೇಲ್ದರ್ಜೆಯ ಸರಕಿಗೆ ಕೈ ಹಾಕಿಲ್ಲವಲ್ಲ, ಪುಣ್ಯ" ಎಂದು ಒಳಗೆ ಹೋದಳು.

ಅಲಾಯ್ ಅಂದರೆ ಹಗುರ ಎಂದು ಬಾಮೈದ ಹೇಳಿದ್ದ. ಗಾಲಿ ಹಗುರವಾದಷ್ಟೂ ಒಳ್ಳೆಯದು ಎಂಬ ಮಾತು ನಿಜವೇ. ಸ್ಪ್ರಿಂಗಿನ ಕೆಳಗಿರುವ ತೂಕ ಕಡಿಮೆ ಇದ್ದರೆ ಗಾಲಿ ಹೊಂಡಕ್ಕೆ ಬಿದ್ದು ಬೇಗ ಏಳುತ್ತದೆ, ಮೇಲಿನ ಗಾಡಿಯನ್ನು ತನ್ನ ಜೊತೆ ಎಳೆದಾಡುವುದಿಲ್ಲ. ಅಡಿಕೆ ತೂಗುವ ಕಾಟಾ ಮನೆಯಲ್ಲೇ ಇತ್ತಲ್ಲ, ಹಳೆಯ ಕಬ್ಬಿಣದ ಡಿಸ್ಕನ್ನು ಟಯರು ಸಮೇತ ಇಟ್ಟೆ. ಆಮೇಲೆ ಹೊಸತನ್ನು ಇಟ್ಟೆ. ಹೊಸತು ಮೂರು ಕೆಜಿ ಜಾಸ್ತಿ ತೂಗಿತು. ಹಗುರವಾದ ಲೋಹವನ್ನು ನಾಲ್ಕು ಇಂಚು ದೊಡ್ಡದಾಗಿ ಎರಕ ಹೊಯ್ದರೆ ತೂಕ ಎಲ್ಲಿಗೆ ಹೋಗುತ್ತದೆ? ಕಾಟಾ ಕೆಟ್ಟಿರಬೇಕು ಎಂದುಕೊಂಡು ನಾನೇ ಹತ್ತಿ ನಿಂತೆ. ಕೆಟ್ಟಿರಲಿಲ್ಲ, ನಾನೂ ಜಾಸ್ತಿ ತೂಗಿದೆ.

ಆದರೂ ಗಾಡಿ ಚೆಂದ ಕಾಣುತ್ತಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಪೇಟೆಯಲ್ಲಿ ನಿಲ್ಲಿಸಿದರೆ ಕಾಲೇಜು ಹುಡುಗರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ "ಡ್ರೈವರ್ ಅಣ್ಣ, ಸ್ವಲ್ಪ ಸೈಡಿಗೆ" ಎನ್ನುತ್ತಿದ್ದರು.

ಮೊದಲ ಮಳೆಗೆ ಆಫ್‌ಸೆಟ್ಟಿನ ಅರ್ಥ ಆಯಿತು. ಮಡ್‌ಗಾರ್ಡಿನಿಂದ ಹೊರಗೆ ಬಂದ ಗಾಲಿ ಕೆಸರನ್ನು ಗಾಡಿಯ ಎರಡೂ ಬದಿಗೆ ಎತ್ತಿ ಎಸೆಯುತ್ತದೆ. ಬಾಗಿಲು, ಕನ್ನಡಿ, ಕಿಟಕಿ ಇಳಿಸಿದ್ದರೆ ನನ್ನ ಎಡಗೆನ್ನೆ ಬಿಟ್ಟು ಉಳಿದದ್ದೆಲ್ಲ ಕೆಂಪು ಮಣ್ಣು. ಬೆಳ್ಳಗಿನ ಪಂಚೆ ಉಟ್ಟು ದೇವಸ್ಥಾನಕ್ಕೆ ಹೊರಟಿದ್ದ ನಮ್ಮೂರಿನ ಹಿರಿಯರೊಬ್ಬರು ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟಯರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ "ಕರ್ರ್" ಎನ್ನುತ್ತಿತ್ತು. ಅಮ್ಮ ಪ್ರತಿ ತಿರುವಿನಲ್ಲೂ, "ಯಾರೋ ಹಲ್ಲು ಕಡೀತಾ ಇದಾರೆ ನೋಡೋ" ಎನ್ನುತ್ತಿದ್ದಳು.

ಮನೆಯವಳು ಡೀಸೆಲ್ ಲೆಕ್ಕ ಬರೆದಿಡುವವಳು. "ಗಾಡಿ ಮೈಲೇಜು ಇಳಿದಿದೆ" ಎಂದು ತಕರಾರು ತೆಗೆದಳು. ಇಲ್ಲೊಂದು ಗೆಲುವು ಸಿಕ್ಕಿತು ಎಂದು ನಾನು ಪೆನ್ನು ಹಿಡಿದೆ. ಹೊಸ ಟಯರಿನ ವ್ಯಾಸ 773 ಮಿಲಿಮೀಟರ್, ಹಳೆಯದು 749. ಗಾಲಿ ಒಂದು ಸುತ್ತು ಬಂದರೆ ಮೊದಲಿಗಿಂತ ನೂರಕ್ಕೆ ಮೂರು ಭಾಗ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ನೂರು ಕಿಲೋಮೀಟರ್ ಓಡಿದರೂ 97 ಎಂದೇ ತೋರಿಸುತ್ತದೆ. "ಹಾಗಾದರೆ ಮೀಟರು 60 ತೋರಿಸುವಾಗ ನೀವು 62ರಲ್ಲಿ ಹೋಗ್ತಾ ಇದ್ದೀರಿ" ಎಂದಳು. ಪೆನ್ನು ಮುಚ್ಚಿದೆ.

ಇನ್ಶೂರೆನ್ಸ್ ಮಾಡಿಸುವ ಪರಿಚಯದವರೊಬ್ಬರು ಮನೆಗೆ ಬಂದವರು ಗಾಲಿ ನೋಡಿದರು, ಮುಖ ಸಣ್ಣದು ಮಾಡಿದರು. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ, ಏನಾದರೂ ಆದರೆ ಕ್ಲೇಮು ಕೇಳುವಾಗ ಬಾಯಿ ಬರುವುದಿಲ್ಲ ಎಂದರು. ನಾನು ಅಮ್ಮನ ಸೊಂಟದ ವಿಷಯ ಎತ್ತಿದೆ. ಸುಪ್ರೀಂ ಕೋರ್ಟಿನ ಮುಂದೆ ಆ ವಾದವನ್ನು ಯಾರೂ ಮಂಡಿಸಿದಂತಿಲ್ಲ ಎಂದು ಅವರು ಕಾಫಿ ಕುಡಿದು ಹೋದರು.

ಕೊನೆಗೆ ತೀರ್ಪು ಕೊಟ್ಟದ್ದು ಹೊಂಡ. ಗಾಳಿಮಳೆಗೆ ಕತ್ತಲು ಕವಿದಿತ್ತು, ನೀರು ತುಂಬಿದ ಹೊಂಡ ರಸ್ತೆಯಷ್ಟೇ ಸಪಾಟಾಗಿ ಕಾಣುತ್ತಿತ್ತು. ಬಾಮೈದನ ಮಾತಿನ ಪ್ರಕಾರ ಗಾಲಿ ಅದರ ಮೇಲೆ ಹಾರಿಕೊಂಡು ಹೋಗಬೇಕಿತ್ತು. ಇಳಿಯಿತು. ಒಳಗಿನಿಂದ "ಠಣ್" ಎಂದು ಕಂಚಿನ ಪಾತ್ರೆ ಬಿದ್ದ ಸದ್ದು. ಬೆಳಿಗ್ಗೆ ನೋಡಿದರೆ ಟಯರಿನ ಪಕ್ಕೆಯಲ್ಲಿ ನಿಂಬೆಗಾತ್ರದ ಉಬ್ಬು, ಅಲಾಯಿನ ಒಳ ಅಂಚಿನಲ್ಲಿ ಕೂದಲೆಳೆಯ ಬಿರುಕು. ಪೇಟೆಯ ಪಂಕ್ಚರ್ ಅಂಗಡಿಯ ಕಾಕಾನ ಹತ್ತಿರ ಒಯ್ದೆ. ಕೇರಳದಿಂದ ಬಂದು ಎಷ್ಟೋ ವರ್ಷ ಆಗಿದೆ, ತೀರ್ಥಹಳ್ಳಿಯ ಎಲ್ಲ ಗಾಡಿಗಳ ಗುಟ್ಟೂ ಅವನಿಗೆ ಗೊತ್ತು. ಉಬ್ಬನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ.

"ಒಳಗೆ ದಾರ ಕಟ್ಟಾಗಿದೆ ಸಾರ್. ಇದಕ್ಕೆ ಮದ್ದಿಲ್ಲ. ಇದರಲ್ಲಿ ಓಡಿಸಬೇಡಿ, ಒಡೆಯುತ್ತೆ."

"ರಿಮ್ಮು?"

"ಕಬ್ಬಿಣದ್ದಾಗಿದ್ರೆ ಸುತ್ತಿಗೆಯಲ್ಲಿ ಎರಡು ಕೊಟ್ಟು ಸರಿ ಮಾಡ್ತಿದ್ದೆ. ಇದು ಬಿರುಕು ಬಿಟ್ಟಿದೆ." ಗಾಲಿಯ ಕಪ್ಪು ಹೊಳಪಿನಲ್ಲಿ ತನ್ನ ಮುಖ ನೋಡಿ ಮೀಸೆ ತೀಡಿಕೊಂಡು ಸೇರಿಸಿದ: "ಚೆಂದ ಇದೆ."

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಕೊಟ್ಟಿಗೆಯಲ್ಲಿದ್ದ ಹಳೆಯ ಡಿಸ್ಕುಗಳನ್ನು ತೆಗೆಸಿದೆ, ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು. ಆದರೆ ಅವುಗಳ ಟಯರು ಬೋಳಾಗುತ್ತಾ ಬಂದಿದ್ದವು. ಗೆರೆಗಳ ನಡುವೆ ಇರುವ 1.6 ಮಿಲಿಮೀಟರಿನ ಗುರುತಿನ ಮಟ್ಟಕ್ಕೆ ಸವೆದಿದ್ದವು. ಹೊಸ ಟಯರು ಬೇಕು. ಪಕ್ಕೆ ತೆಳ್ಳಗಾದದ್ದೇ ತೊಂದರೆಗೆ ಕಾರಣ ಎಂದ ಮೇಲೆ ದಪ್ಪ ಪಕ್ಕೆಯ, ಗಟ್ಟಿಮುಟ್ಟಾದ ಟಯರು ಹಾಕಿದರೆ ತೊಂದರೆ ಪರಿಹಾರ. ಹೀಗೆ ತರ್ಕ ಮಾಡಿ, ಬಾಮೈದನನ್ನು ಕೇಳದೆ, ಸ್ವಂತ ಬುದ್ಧಿಯಿಂದ ಮಡ್ ಟೆರೈನ್ ಟಯರು ತಂದೆ. ಎಲ್.ಟಿ. 245/75 ಆರ್ 16, ಹತ್ತು ಪ್ಲೈ. ಮುಷ್ಟಿಗಾತ್ರದ ಬಟನ್‌ಗಳು. ಮೂರು ಕ್ವಿಂಟಾಲ್ ರಾಶಿಯ ಮೇಲೆ ಇನ್ನೂ ಒಂದೂವರೆ ಕ್ವಿಂಟಾಲ್ ಗೊರಬಲು, ಅಡಿಕೆಯಲ್ಲೇ ಅಗ್ಗದ್ದು, ಹೋಯಿತು.

ಎಲ್.ಟಿ. ಅಂದರೆ ಲೈಟ್ ಟ್ರಕ್. ಹತ್ತು ಪ್ಲೈ ಎಂದರೆ ಈಗ ಹತ್ತು ಪದರ ಇರುವುದಿಲ್ಲ, ಅಷ್ಟು ಪದರದ ಹಳೆಯ ಟಯರಿನ ಶಕ್ತಿ ಇದೆ ಎಂದರ್ಥ. ಪಕ್ಕೆಯ ಮೇಲೆ ಭಾರದ ಅಂಕಿ 120. ಹಳೆಯದರ ಮೇಲೆ 107 ಇತ್ತು. 107 ಅಂದರೆ ಒಂದು ಟಯರು 975 ಕೆಜಿ ಹೊರುತ್ತದೆ. 120 ಅಂದರೆ 1400 ಕೆಜಿ. ನಾಲ್ಕು ಸೇರಿ ಐದೂವರೆ ಟನ್ನಿಗೂ ಜಾಸ್ತಿ. ನಮ್ಮಮ್ಮನ ತೂಕ 48 ಕೆಜಿ. ಅಷ್ಟು ಭಾರ ಹೊರಲು ಹುಟ್ಟಿದ ಪಕ್ಕೆ 48 ಕೆಜಿಗೆ ಬಗ್ಗುತ್ತದೆಯೇ? ಬಗ್ಗದ ಸ್ಪ್ರಿಂಗಿನ ಕೆಳಗೆ ಬಗ್ಗದ ಟಯರನ್ನು ತಂದು ಕೂರಿಸಿದ್ದೆ. ಜೊತೆಗೆ ಈ ಜಾತಿಯ ಟಯರಿಗೆ ಅದೇ ಭಾರಕ್ಕೆ ಮಾಮೂಲಿ ಟಯರಿಗಿಂತ ಹೆಚ್ಚು ಗಾಳಿ ಬೇಕು; ಹೆಚ್ಚು ಗಾಳಿ ಎಂದರೆ ಇನ್ನಷ್ಟು ಕಲ್ಲು.

ಶಬ್ದದ ಕಥೆ ಬೇರೆ. ಬಟನ್ ದೊಡ್ಡದಾದಷ್ಟೂ ಟಾರು ರಸ್ತೆಯಲ್ಲಿ ಗುಂಯ್ ಎನ್ನುತ್ತದೆ. ವೇಗ ಹೆಚ್ಚಾದಷ್ಟೂ ಶ್ರುತಿ ಏರುತ್ತದೆ. ಒಂದು ಸಂಜೆ ನಾನು ಊರಿನ ತಿರುವು ದಾಟಿ ಬರುವಷ್ಟರಲ್ಲಿ ಪಕ್ಕದ ಮನೆಯವರು ಗೋಣಿಚೀಲ, ಬುಟ್ಟಿ ಸಮೇತ ಅಂಗಳಕ್ಕೆ ಬಂದು ನಿಂತಿದ್ದರು. ಅಡಿಕೆ ಸುಲಿಯುವ ಮಿಷನ್ನು ಬಂತು ಅಂದುಕೊಂಡರಂತೆ. ಕೆಸರು ಗದ್ದೆಯಲ್ಲಿ ಆ ಟಯರಿಗೆ ಸಾಟಿ ಇಲ್ಲ, ಅದನ್ನು ಒಪ್ಪಬೇಕು. ಆದರೆ ಮಣಿಪಾಲದ ಡಾಕ್ಟರು ಗದ್ದೆಯಲ್ಲಿ ಕೂರುವುದಿಲ್ಲ. ಒದ್ದೆ ಟಾರಿನ ಮೇಲೆ ಬ್ರೇಕು ಹಾಕಿದರೆ ಆ ದೊಡ್ಡ ಬಟನ್‌ಗಳಿಗೆ ಹಿಡಿತ ಕಡಿಮೆ. ಆಗುಂಬೆಯಲ್ಲಿ ಟಾರು ಒಣಗಿರುವ ದಿನ ಎಷ್ಟು ಎಂದು ನಿಮಗೇ ಗೊತ್ತು.

ಅಮ್ಮ ಆ ಗಾಡಿಯಲ್ಲಿ ಒಮ್ಮೆ ಹೋಗಿ ಬಂದಳು. ಇಳಿದು, ಕಂಬ ಹಿಡಿದು ನಿಂತು, "ಇನ್ನು ಮೇಲೆ ನಾನು ಬಸ್ಸಿನಲ್ಲಿ ಹೋಗ್ತೀನಿ. ನೀನು ಹಿಂದೆ ಗಾಡಿ ತಗೊಂಡು ಬಾ" ಎಂದಳು.

ಗಾಳಿ ತುಂಬಿದ ಟಯರು ಹುಟ್ಟಿದ್ದೇ ಒಬ್ಬರ ಸೊಂಟ ಉಳಿಸಲು ಎನ್ನುವುದನ್ನು ಆಮೇಲೆ ಓದಿ ತಿಳಿದೆ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರು ಕೊಳವೆ ಸುತ್ತಿ ಗಾಳಿ ತುಂಬಿದ. ಕಲ್ಲುಹಾಸಿನ ಬೀದಿಯಲ್ಲಿ ಗಟ್ಟಿ ಚಕ್ರ ಕುಲುಕುತ್ತಿತ್ತು, ಅದಕ್ಕೆ. ಅವನಿಗಿಂತ ನಲವತ್ತು ವರ್ಷ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಇದಕ್ಕೆ ಪೇಟೆಂಟು ಪಡೆದಿದ್ದ, ಆದರೆ ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಬ್ಬರೂ ಕಂಡುಕೊಂಡದ್ದು ಒಂದೇ: ಮೈಗೆ ಸುಖ ಕೊಡುವುದು ಗಾಳಿ. ನೂರಾ ಮೂವತ್ತು ವರ್ಷ ಕಳೆದ ಮೇಲೆ ನಾನು ಆ ಗಾಳಿಯನ್ನು ಬಿಟ್ಟು ಕಡ್ಡಿಗಳಲ್ಲಿ ಸುಖ ಹುಡುಕಿದೆ. ಒಬ್ಬ ದನದ ಡಾಕ್ಟರಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ ಎಂದು ಮನೆಯವಳಿಗೆ ಹೇಳಿದೆ. "ನಮ್ಮೂರಿನ ದನದ ಡಾಕ್ಟರು ಸ್ಕೂಟರಿನಲ್ಲಿ ಬರ್ತಾರೆ, ಆರಾಮಾಗಿದಾರೆ" ಎಂದಳು.

ಅಸಲು ಗುಟ್ಟು ಬಯಲಾದದ್ದು ಆಯುಧಪೂಜೆಯ ಹಿಂದಿನ ದಿನ. ಗಾಡಿ ತೊಳೆಯುವುದು ನನ್ನ ಪಾಲು, ಒಳಗೆ ಒರೆಸುವುದು ಅವಳ ಪಾಲು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮ ಗಾಡಿಯಲ್ಲಿ ಅದು ಇರುವುದೇ ನನಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಗಂಧ, ಅರಿಶಿನ, ಕುಂಕುಮ ಹಚ್ಚಲು ನಾನು ಆರಿಸಿಕೊಂಡ ಜಾಗವೇ ಅದು. ಹೊರಗೆ ಬಣ್ಣ ಹಾಳಾಗಬಾರದು ಎಂಬ ಮುಂಜಾಗ್ರತೆ. ಪದರದ ಮೇಲೆ ಪದರ ಕೂತು ಚೀಟಿ ಪೂರ್ತಿ ಕೆಂಪಾಗಿತ್ತು. ಅವಳು ಒದ್ದೆ ಬಟ್ಟೆಯಲ್ಲಿ ಉಜ್ಜಿದಳು. ಮೊದಲು ಒಂದು ಟಯರಿನ ಚಿತ್ರ ಕಂಡಿತು, ಆಮೇಲೆ ಅಂಕಿಗಳು.

"ರೀ, ಇಲ್ಲಿ ಏನೋ ಬರೆದಿದೆ. ಟಯರು 245/70 ಆರ್ 16. ಖಾಲಿ ಇದ್ದರೆ ಮುಂದೆ 32, ಹಿಂದೆ 32. ಪೂರ್ತಿ ಲೋಡಿದ್ದರೆ ಹಿಂದೆ 44. ನೀವು ಎಷ್ಟು ಹಾಕಿಸ್ತೀರಿ?"

ನಾನು ಎಷ್ಟು ಹಾಕಿಸುತ್ತೇನೆ? ಯೋಚಿಸಿದರೆ, ನಾನು ಯಾವತ್ತೂ ಹೇಳಿದವನೇ ಅಲ್ಲ. ಕಾಕಾನ ಅಂಗಡಿ ಮುಂದೆ ನಿಲ್ಲಿಸಿ "ಗಾಳಿ ನೋಡು" ಎನ್ನುವುದು, ಅವನು ನೋಡುವುದು, ಹತ್ತು ರೂಪಾಯಿ ಕೊಡುವುದು. ಓಡಿಹೋಗಿ ಕೇಳಿದೆ.

"ಪಿಕಪ್ಪಿಗೆಲ್ಲ ನಲವತ್ತೈದು ಸಾರ್."

"ಖಾಲಿ ಇದ್ರೂ?"

"ಖಾಲಿ ಪಿಕಪ್ಪು ಯಾರು ಓಡಿಸ್ತಾರೆ?"

ಮೊದಲ ದಿನದಿಂದಲೂ, ಯಾವ ಗಾಲಿ ಇದ್ದಾಗಲೂ, ಬಗ್ಗದ ಕಮಾನಿನ ಕೆಳಗೆ ಬಿರುಸಾದ ಟಯರು ಇಟ್ಟುಕೊಂಡು ಘಾಟಿ ಹತ್ತಿ ಇಳಿದಿದ್ದೆವು. ಕಾಕಾನದ್ದು ತಪ್ಪಲ್ಲ. ಅವನು ನೋಡುವ ಪಿಕಪ್ಪುಗಳೆಲ್ಲ ಹೊರೆ ಹೊತ್ತವು. ಕಾರು ಎಂದು ತಿಳಿದು ಪಿಕಪ್ ಕೊಂಡವನನ್ನು ಅವನು ಕಂಡಿರಲಿಲ್ಲ.

ಮಡ್ ಟಯರುಗಳನ್ನು ತೋಟದ ಕೆಲಸದ ಗಾಡಿ ಇರುವ ಒಬ್ಬರಿಗೆ ಬಂದ ಬೆಲೆಗೆ ಕೊಟ್ಟೆ. ಅವೇ ಹಳೆಯ ಕಬ್ಬಿಣದ ಡಿಸ್ಕಿಗೆ ಅದೇ ಹಳೆಯ ಸೈಜಿನ, ಸಣ್ಣ ಗೆರೆಯ ಹೈವೇ ಟಯರು ಹಾಕಿಸಿದೆ. ಈ ಸಲ ಅಂಗಡಿಯಲ್ಲಿ ಕಾಫಿ ಮುಟ್ಟಲಿಲ್ಲ. ಟಯರಿನ ಪಕ್ಕೆ ಬಗ್ಗಿ ನೋಡಿ ತಯಾರಾದ ತಾರೀಕು ಹುಡುಕಿದೆ. ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ರಿಯಾಯಿತಿ ಎಂದು ಮೊದಲು ಉರುಳಿಸಿಕೊಂಡು ಬಂದ ಟಯರಿನ ಮೇಲೆ 2319 ಇತ್ತು, 2019ರ ಇಪ್ಪತ್ತಮೂರನೇ ವಾರದ್ದು. "ಇದಕ್ಕೆ ನನ್ನ ಸಾಲಕ್ಕಿಂತ ವಯಸ್ಸಾಗಿದೆ" ಎಂದೆ. ಹುಡುಗ ಮಾತಾಡದೆ ಬೇರೆ ತಂದ. ನೈಟ್ರೋಜನ್ ಎಂದು ಬಾಯಿ ತೆರೆಯುವ ಮೊದಲೇ ಗಾಡಿ ಹೊರಡಿಸಿದೆ.

ಗಾಳಿ ಅಳೆಯುವ ಸಣ್ಣ ಗೇಜು ಒಂದು ಕೊಂಡೆ, ಇಷ್ಟೆಲ್ಲ ಖರ್ಚಿನಲ್ಲಿ ಅತಿ ಕಡಿಮೆ ಬೆಲೆಯ ವಸ್ತು ಅದು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತದೆ, ಆಗ ಇಳಿಸಿದರೆ ಬೆಳಿಗ್ಗೆಗೆ ಕಡಿಮೆಯಾಗಿರುತ್ತದೆ. 32ಕ್ಕೆ ತಂದು ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಘಾಟಿಯ ತಲೆಯಲ್ಲಿ ಹಿಂದಿನಿಂದ ಮಾತು ಬಂತು: "ಇವತ್ತು ಪರವಾಗಿಲ್ಲ." ಅಮ್ಮನ ಬಾಯಲ್ಲಿ "ಪರವಾಗಿಲ್ಲ" ಬರುವುದು ನಮ್ಮ ಮನೆಯಲ್ಲಿ ಹಬ್ಬಕ್ಕೆ ಸಮ.

ಆದರೂ ಕಮಾನು ಪ್ಲೇಟು ಕಮಾನು ಪ್ಲೇಟೇ. ಟಯರು ಸಣ್ಣ ಕುಲುಕಾಟ ನುಂಗುತ್ತದೆ, ದೊಡ್ಡ ಹೊಂಡ ಬಂದರೆ ಹಿಂಭಾಗ ಇನ್ನೂ ಕುಪ್ಪಳಿಸುತ್ತಿತ್ತು. ಅದಕ್ಕೆ ಮದ್ದು ಭಾರ ಎಂದು ಗೊತ್ತಿತ್ತಲ್ಲ. ಮುಂದಿನ ಸಲ ಹಿಂದಿನ ಗಾಳಿ ಸ್ವಲ್ಪ ಏರಿಸಿ, ಬಾಡಿಯಲ್ಲಿ ಹಿಂಡಿಯ ಆರು ಮೂಟೆ ಹಾಕಿಕೊಂಡು ಹೋದೆ. ಸ್ವರ್ಗ. ಅಮ್ಮ ಹೆಬ್ರಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಆದರೆ ಡಾಕ್ಟರನ್ನು ನೋಡಿ ಹೊರಗೆ ಬಂದರೆ ಗಾಡಿಯ ಹಿಂದೆ ಬೀದಿ ದನಗಳ ಜಾತ್ರೆ. ಒಂದು ಮೂಟೆ ಹರಿದು, ಹಿಂಡಿ ಚೆಲ್ಲಿ, ಎರಡು ಎತ್ತುಗಳು ಬಾಡಿಗೆ ಮುಂಗಾಲು ಹಾಕಲು ನೋಡುತ್ತಿದ್ದವು. ಕಾವಲಿನವನು ಸೀಟಿ ಊದುತ್ತಾ, "ಯಾರ್ರೀ ಇಲ್ಲಿ ದನಕ್ಕೆ ಊಟ ಹಾಕಿದ್ದು?" ಎಂದು ಕೂಗುತ್ತಿದ್ದ. ನಾನು ಬೇರೆ ಗಾಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಮುಂದಕ್ಕೆ ಹಿಂಡಿಯ ಬದಲು ಗೊಬ್ಬರ. ಗೊಬ್ಬರಕ್ಕೆ ದನ ಬರುವುದಿಲ್ಲ, ಜನ ಬರುತ್ತಾರೆ. ನಾನು ಸುಮ್ಮನೆ ಮೂಟೆ ಹೊತ್ತುಕೊಂಡು ಮಣಿಪಾಲಕ್ಕೆ ಹೋಗಿ ಅದೇ ಮೂಟೆ ವಾಪಸು ತರುತ್ತೇನೆ ಎನ್ನುವ ಸುದ್ದಿ ಊರಲ್ಲಿ ಹರಡಿ, ಮೊದಲು ಅನುಕಂಪ, ಆಮೇಲೆ ವ್ಯವಹಾರ ಶುರುವಾಯಿತು. "ಹೇಗೂ ಭಾರ ಬೇಕಂತಲ್ಲ ಮಾರಾಯ್ರೆ, ನಮ್ಮದೆರಡು ಬಾಳೆಗೊನೆ ಹಾಕ್ಕೊಳಿ." "ಉಡುಪಿಯಲ್ಲಿ ಮಗಳ ಮನೆಗೆ ಒಂದು ಅಕ್ಕಿ ಮೂಟೆ." "ಬರುವಾಗ ಹೆಬ್ರಿಯಿಂದ ಗ್ರೈಂಡರು." ಹೋಗುವಾಗ ಮೂರು ಕ್ವಿಂಟಾಲ್, ಬರುವಾಗ ಮೂರು ಕ್ವಿಂಟಾಲ್. ಬಾಡಿಗೆ ಕೊಡುವ ಮಾತು ಯಾರೂ ಎತ್ತುವುದಿಲ್ಲ. ತಾವೇ ಉಪಕಾರ ಮಾಡುತ್ತಿದ್ದೇವೆ ಎಂದು ಅವರೆಲ್ಲ ಪ್ರಾಮಾಣಿಕವಾಗಿ ನಂಬಿದ್ದಾರೆ. ಅಮ್ಮ ಕೂಡ ಅವರ ಪಕ್ಷ. ಹೊರಡುವ ಮೊದಲು ಹಿಂದೆ ತಿರುಗಿ ಬಾಡಿ ನೋಡಿ, ಕಡಿಮೆ ಕಂಡರೆ ಪಕ್ಕದ ಮನೆಯವರನ್ನು ಕರೆದು, "ಏನಾದ್ರೂ ಕಳಿಸೋದಿದ್ರೆ ಕೊಡಿ, ನಾಚ್ಕೋಬೇಡಿ" ಎನ್ನುತ್ತಾಳೆ.

ಇಪ್ಪತ್ತಿಂಚಿನ ಅಲಾಯ್ ಗಾಲಿಗಳು ಕೊಟ್ಟಿಗೆಯ ಅಟ್ಟದ ಮೇಲೆ ಇವೆ. ಕಪ್ಪು, ಆರು ಕಡ್ಡಿ, ಅಂಚಿನಲ್ಲಿ ಬೆಳ್ಳಿ ಗೆರೆ, ಆರು ಬೋಲ್ಟು, 139.7. ಬಿರುಕು ಬಿಟ್ಟದ್ದನ್ನು ಯಾರಿಗೂ ಕೊಡುವುದಿಲ್ಲ, ಆದ್ದರಿಂದ ಮಾರಾಟಕ್ಕಿರುವುದು ಮೂರೇ. ಮನೆಯಿಂದ ಆಸ್ಪತ್ರೆಯವರೆಗೆ ಹೊಂಡವಿಲ್ಲದ ರಸ್ತೆ ಇರುವವರು, ತಾಯಿಯ ಸೊಂಟ ಗಟ್ಟಿಯಿರುವವರು ಬಂದು ನೋಡಬಹುದು. ಬೆಲೆ ಮಾತಾಡಿ ತೀರ್ಮಾನಿಸೋಣ. ದುಡ್ಡಿನ ಬದಲು ಅಡಿಕೆ ಕೊಟ್ಟರೂ ನಡೆಯುತ್ತದೆ, ಗೊರಬಲು ಆದರೂ ಸರಿ.